ಕರೆದರೆ ತಿರುಗುವುದು

ಅಮದಳ್ಳಿ ದಾಟುವಾಗ ಜಗದೀಶನಿಗೆ ಇದ್ದಕ್ಕಿದ್ದಂತೆ ನಗು ಬಂತು. ಹೊಟ್ಟೆಯ ಆಳದಲ್ಲೆಲ್ಲೋ ಗುಳುಗುಳು ಎಂದದ್ದು ಗಂಟಲಿಗೆ ಏರಿತು. ಕೆಮ್ಮಿ ಅಡಗಿಸಲು ನೋಡಿದ, ಅಡಗಲಿಲ್ಲ. ಮುಂದಿನ ಸೀಟಿನಲ್ಲಿ ಮೀನುಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಕುತ್ತಿಗೆ ಹೊರಳಿಸಿ ನೋಡಿದಳು. ನೋಡಲಿ, ಇಡೀ ಬಸ್ಸೇ ನೋಡಲಿ. ಬೆಳಿಗ್ಗೆ ಹೆಂಡತಿ ರೂಪಾ ಮತ್ತು ಮಗಳ ಜೊತೆ ಹಟ್ಟಿಕೇರಿಯಲ್ಲಿ ಬಸ್ಸು ಹತ್ತುವಾಗ ಅವನಿಗೆ ನಗು ಎಲ್ಲಿತ್ತು? ಕಾರವಾರದ ಶಿಬಿರದಲ್ಲಿ ಮಗಳನ್ನು ಕೂರಿಸಿಕೊಂಡು ಆಟಿಸಂ ಇದೆಯೋ ಇಲ್ಲವೋ ಎಂದು ನೋಡುತ್ತಾರೆ, ಗುರುತು ಪರಿಚಯವಿಲ್ಲದ ಯಾರದೋ ಬಾಯಿಂದ ಒಂದು ಮಾತು ಬೀಳುತ್ತದೆ, ಬಿದ್ದ ಮೇಲೆ ಅದನ್ನು ಎತ್ತಿ ಆಚೆ ಎಸೆಯಲು ಬರುವುದಿಲ್ಲ ಎಂಬ ಹೆದರಿಕೆ ರಾತ್ರಿಯಿಂದ ಎದೆಯ ಮೇಲೆ ಕೂತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಕಂಡಕ್ಟರು ಅವನೊಬ್ಬನಿಗೇ ಟಿಕೆಟ್ಟು ಹರಿದುಕೊಟ್ಟು, ಕಿಟಕಿಯ ಬದಿಗೆ ಕೂತ ಹುಡುಗಿಯ ಕೆನ್ನೆ ತಟ್ಟಿ, ನಿನ್ನ ಹೆಸರೆಂತದೇ ಎಂದು ಕೇಳಿದ್ದ. ಅವಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಅದರ ನಡುಕವನ್ನು ಸವಿಯುತ್ತ ಕೂತಿದ್ದಳು. ಅವಳ ಪರವಾಗಿ ಜಗದೀಶನೇ, ಬೊಮ್ಮಿ, ಎಂದ. ಹಾಗೆಂದವನು ಬಾಯಿ ತೆರೆದೇ ಕೂತ. ಮಗಳ ಮುಖ ನೋಡಿಕೊಂಡು ಆ ಶಬ್ದವನ್ನು ಅವನು ಹಿಂದೆಂದೂ ಆಡಿರಲಿಲ್ಲ.

ಹೇಗೆ ಆಡುತ್ತಾನೆ? ಬೊಮ್ಮಿ ಅವನ ತಾಯಿಯ ಹೆಸರು. ತಾಯಿ ತೀರಿಕೊಂಡ ವರ್ಷವೇ ಮಗಳು ಹುಟ್ಟಿದ್ದಕ್ಕೆ ಬೇರೆ ಹೆಸರು ಯೋಚಿಸುವ ಪ್ರಶ್ನೆಯೇ ಬಂದಿರಲಿಲ್ಲ. ಇಟ್ಟದ್ದೇನೋ ಆಯಿತು, ಕರೆಯುವವರು ಯಾರು? ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಎತ್ತುವಂತಿಲ್ಲ, ಹಾಗಾಗಿ ರೂಪಾ ಮಗಳನ್ನು ಅತ್ತೆ ಎಂದೇ ಕರೆದಳು. ಹೆತ್ತವಳ ಹೆಸರು ಹಿಡಿದು ಕೂಗಲು ಜಗದೀಶನ ನಾಲಿಗೆ ಏಳಲಿಲ್ಲ, ತಾಯಿಯನ್ನು ಕರೆಯುತ್ತಿದ್ದ ಹಾಗೆ ಮಗಳನ್ನೂ ಆಯಿ ಎಂದ. ಇನ್ನು ಅವನ ಅಪ್ಪ ಹುಲಿಯಾ, ಹೆಂಡತಿ ಬದುಕಿದ್ದಷ್ಟು ಕಾಲ ಅವಳನ್ನು ಹೆಸರಿನಿಂದ ಕರೆದವನಲ್ಲ. ಮೊಮ್ಮಗಳಿಗೂ ಅದೇ ಕರೆ, ಏ ಇವ್ಳೇ. ಅತ್ತೆ ಗಂಜಿ ಉಣ್ಣು, ಆಯಿ ಚಡ್ಡಿ ಹಾಕ್ಕೋ, ಇವ್ಳೇ ಬಾ ಇಲ್ಲಿ ಎಂದು ಮನೆ ತುಂಬ ಓಡಾಡುತ್ತಿದ್ದ ಆ ಮಗುವಿಗೆ ಬೊಮ್ಮಿ ಎಂಬುದು ಯಾವ ಊರಿನ ಯಾವ ಹೆಂಗಸೋ. ಇಷ್ಟು ದಿನ ಇದು ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಜಗದೀಶನಿಗೆ ತನ್ನ ಮೇಲೇ ನಗು ಬಂದದ್ದು. ನಗುತ್ತ ನಗುತ್ತ ಮೈಯೆಲ್ಲ ಹಗುರವಾಗಿ, ಸೀಟಿನಿಂದ ತುಸು ಮೇಲೆ ತೇಲುತ್ತಿರುವ ಹಾಗೆ ಅನಿಸಿತು.

ಕೆಲವು ದಿನಗಳ ಹಿಂದೆ ಮಗಳ ಟೀಚರು ಯಶೋದಾ ಅಕ್ಕೋರು ಅವನನ್ನು ಶಾಲೆಗೆ ಕರೆಸಿದ್ದರು. ಗದ್ದೆಯಿಂದ ಹಾಗೇ ಬಂದಿದ್ದ, ಕಾಲಿನ ಕೆಸರು ಒಣಗಿ ಬಿರಿದಿತ್ತು. ಹೊಸಿಲು ತುಳಿಯಲು ನಾಚಿಕೆಯಾಗಿ ಬಾಗಿಲಲ್ಲೇ ನಿಂತ. ಶಿಬಿರಕ್ಕೆ ಕಳಿಸೂ ಮೊದ್ಲು ಎಲ್ಲಾ ಮಕ್ಕಳನ್ನೂ ನೋಡುದು, ನಿಮ್ದೊಂದನ್ನೇ ಅಲ್ಲ, ಹೆದರ್ಬೇಡಿ ಎಂದು ಹೇಳಿ ಅಕ್ಕೋರು ಮಗಳ ಬೆನ್ನ ಹಿಂದೆ ಹೋಗಿ ನಿಂತು, ಬೊಮ್ಮಿ, ಎಂದರು. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಬೊಮ್ಮಿ. ತರಗತಿಯಲ್ಲಿದ್ದ ಎಲ್ಲ ಮಕ್ಕಳೂ ತಿರುಗಿ ನೋಡಿದವು, ಬೊಮ್ಮಿಯೊಬ್ಬಳನ್ನು ಬಿಟ್ಟು. ಅವಳು ಬೆಂಚಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದಳು. ಮಕ್ಕಳು ಕಿಸಿಕಿಸಿ ನಕ್ಕವು. ಏನು ಮಾಡಬೇಕೆಂದು ತೋಚದೆ ಜಗದೀಶ ತಾನೂ ನಕ್ಕುಬಿಟ್ಟ. ತನ್ನ ಮಗಳನ್ನು ನೋಡಿ ಊರ ಮಕ್ಕಳ ಜೊತೆ ಸೇರಿ ನಕ್ಕ ಆ ನಗು ಆಮೇಲೆ ಕೈಗಾದಲ್ಲಿ ಪೈಪಿಗೆ ಬಣ್ಣ ಬಳಿಯುವಾಗ, ಬುತ್ತಿ ಬಿಚ್ಚುವಾಗ, ಕಂಟ್ರಾಟುದಾರನ ಬಸ್ಸಿನಲ್ಲಿ ತೂಕಡಿಸುವಾಗ ಬಂದು ಬಂದು ಚುಚ್ಚುತ್ತಿತ್ತು. ಈಗ ನೋಡಿದರೆ ತಪ್ಪು ಯಾರದೂ ಅಲ್ಲ. ಸತ್ತವಳನ್ನು ಕೂಗಿದರೆ ಬದುಕಿರುವವಳು ಯಾಕೆ ತಿರುಗಬೇಕು?

"ಏ, ಇದ್ಕೆ ಮನೇಲಿ ಬೊಮ್ಮಿ ಹೇಳಿ ಯಾರು ಕರೀತ್ರು, ಹೇಳು ನೋಡ್ವ" ಎಂದ ರೂಪಾಳ ಕಿವಿಯ ಹತ್ತಿರ ಬಾಗಿ.

"ಯಾರೂ ಇಲ್ಲ" ಎಂದಳು ರೂಪಾ.

"ಮತ್ತೆ? ಅಕ್ಕೋರು ಬೊಮ್ಮಿ ಬೊಮ್ಮಿ ಹೇಳಿ ಕೂಗಿದ್ರೆ ಅದು ಎಂತಕ್ಕೆ ತಿರುಗ್ತದೆ? ಮೇಲಿಂದ ನನ್ನ ಆಯಿ ಇಳಿದು ಬಂದು ತಿರುಗ್ಬೇಕಷ್ಟೇ."

ರೂಪಾ ಹ್ಞೂಂ ಎಂದಳು. ಮಗಳ ಜಡೆಯ ರಿಬ್ಬನ್ನು ಬಿಚ್ಚಿದ್ದನ್ನು ಕಟ್ಟತೊಡಗಿದಳು. ಇವಳಿಗೆ ಎಲ್ಲವೂ ನಿಧಾನಕ್ಕೆ ಹತ್ತುವುದು, ಕಾರವಾರ ಮುಟ್ಟುವುದರೊಳಗೆ ಹತ್ತೀತು ಎಂದುಕೊಂಡ. ಅಷ್ಟರಲ್ಲಿ ಬಿಣಗಾ ದಾಟಿ ಬಸ್ಸು ಸುರಂಗ ಹೊಕ್ಕಿತು. ಹಳದಿ ದೀಪಗಳು ಒಂದರ ಹಿಂದೊಂದು ಮಗಳ ಮುಖದ ಮೇಲೆ ಓಡಿದವು, ಗಾಳಿ ಗೋಡೆಗೆ ಬಡಿದು ಗುಂಯ್‌ಗುಟ್ಟಿತು, ಅವಳು ತಲೆ ಹಿಂದಕ್ಕೆಸೆದು ಗಹಗಹಿಸಿದಳು. ಅಪ್ಪನಿಗೂ ನಗು ಉಕ್ಕಿತು. ಇಬ್ಬರೂ ತಮ್ಮ ತಮ್ಮ ಕಾರಣಕ್ಕೆ ನಗುತ್ತ ಬೆಟ್ಟದ ಹೊಟ್ಟೆಯಿಂದ ಈಚೆ ಬಂದಾಗ ಎದುರಿಗೆ ಸಮುದ್ರವಿತ್ತು, ಬೈತಕೋಲದ ದೋಣಿಗಳಿದ್ದವು, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೀನುಬುಟ್ಟಿಯ ಹೆಂಗಸು ಇಳಿಯುವಾಗ, ಅಪ್ಪ ಮಗಳು ಒಂದೇ ಅಚ್ಚು ಎಂದು ಹೇಳಿ ಹೋದಳು.

ಶಿಬಿರ ಒಂದು ಹಳೆಯ ಕಟ್ಟಡದ ಹಜಾರದಲ್ಲಿ ನಡೆದಿತ್ತು. ಬೆಂಚಿನ ಮೇಲೆ ಕೂತ ತಂದೆತಾಯಿಗಳು ಒಬ್ಬರ ಮುಖ ಒಬ್ಬರು ನೋಡದಂತೆ ಗೋಡೆ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ಜಗದೀಶನೂ ಗೋಡೆಯನ್ನೇ ನೋಡುತ್ತಿದ್ದ. ಇವತ್ತು ಅವನ ಬಾಯಿ ನಿಲ್ಲಲಿಲ್ಲ. ಪಕ್ಕದವನಿಗೆ ಊರು ಕೇಳಿದ, ಅಳುವ ಮಗುವಿಗೆ ಬೆರಳಿನಿಂದ ಮೊಲ ಮಾಡಿ ತೋರಿಸಿದ, ನೀರಿನ ಕ್ಯಾನಿನ ಹತ್ತಿರ ನಿಂತವಳಿಗೆ ಲೋಟ ತೊಳೆದುಕೊಟ್ಟ. ತಮ್ಮ ಸರದಿ ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದ ಸುನೀತಾ ಎಂಬ ತೆಳ್ಳನೆಯ, ಕನ್ನಡಕದ ಹೆಂಗಸಿನ ಎದುರು ಕೂತದ್ದೇ, ಅವಳು ಪೆನ್ನು ಎತ್ತುವ ಮೊದಲೇ ಶುರುಮಾಡಿದ. ಸುನೀತಾ ಶಿರವಾಡದವಳು, ಮನೆಯಲ್ಲಿ ಕೊಂಕಣಿ. ಹುಡುಗಿಯನ್ನು ಯೇ ಗೋ ಬಾಯ್, ಬಾರೇ ತಂಗಿ, ಎಂದು ಕರೆದು ಆಟದ ಸಾಮಾನಿನ ಮುಂದೆ ಕೂರಿಸಿದಳು. ಜಗದೀಶ ಅತ್ತೆ, ಆಯಿ, ಇವ್ಳೇ ಎಲ್ಲವನ್ನೂ ಒಂದೊಂದು ದನಿಯಲ್ಲಿ ಆಡಿ ತೋರಿಸಿದ. ಅಪ್ಪನ ದನಿ ತೆಗೆದು ಏ ಇವ್ಳೇ ಎಂದಾಗ ಸುನೀತಾ ಬಾಯಿಗೆ ಕೈ ಅಡ್ಡ ಹಿಡಿದಳು. ರೂಪಾಳತ್ತ ಕೈ ಮಾಡಿ, "ಇವ್ಳ ಹತ್ರ ಒಂದ್ಸಲ ಹೆಸರು ಹೇಳಿಸಿ ನೋಡಿ ಅಕ್ಕೋರೆ, ಜೀವ ಹೋದ್ರೂ ಹೇಳುದಿಲ್ಲ" ಎಂದಾಗ ಪಕ್ಕದ ಮೇಜಿನವರೂ ನಕ್ಕರು. ಓದಿದವರು ತನ್ನನ್ನು ನೋಡಿ ನಕ್ಕದ್ದು ಜಗದೀಶನಿಗೆ ಗೊತ್ತಿತ್ತು. ತನ್ನ ಜೊತೆ ನಕ್ಕದ್ದು ಇದೇ ಮೊದಲು. ಅದರ ಅಮಲು ತಲೆಗೇರಿತು.

"ನಮ್ಗೆ ಇದು ಹೊಳೀಲೇ ಇಲ್ಲ ನೋಡಿ" ಎಂದಳು ಸುನೀತಾ ಪ್ರಾಮಾಣಿಕ ಸಂಕೋಚದಿಂದ. "ಬೆರಳು ಮಾಡಿ ನಿಮ್ಗೆ ಏನಾದ್ರೂ ತೋರಿಸ್ತಾಳಾ? ಅದು ನೋಡು, ಇದು ನೋಡು ಅಂತ?"

"ತೋರ್ಸುದಾ? ಮೊನ್ನೆ ಗದ್ದೆಗೆ ಕೊಕ್ಕರೆ ಹಿಂಡು ಬಂದಿತ್ತು..." ಎಂದು ಅವನು ಶುರುಮಾಡಿ, ಹಿಂಡನ್ನೂ ಗದ್ದೆಯನ್ನೂ ಬೆಳಗಿನ ಮಂಜನ್ನೂ ಬಣ್ಣಿಸಿ ಮುಗಿಸುವಷ್ಟರಲ್ಲಿ ಸುನೀತಾ ಮುಂದಿನ ಪ್ರಶ್ನೆಗೆ ಹೋಗಿದ್ದಳು. ಕೊಕ್ಕರೆ ತೋರಿಸಿದ್ದು ಹುಲಿಯಾ. ಮಗಳು ಅಜ್ಜನ ಬೆರಳನ್ನೇ ನೋಡುತ್ತ ನಿಂತಿದ್ದಳು, ಉಗುರನ್ನು ಮುಟ್ಟಿ ಮುಟ್ಟಿ. ಅಷ್ಟನ್ನು ಅವನು ಹೇಳಲಿಲ್ಲ. ಬೇರೆ ಮಕ್ಕಳ ಜೊತೆ ಆಡುತ್ತಾಳಾ ಎಂದಾಗ, "ಆಡ್ತದೆ ಅಕ್ಕೋರೆ, ಇದಿಲ್ದೆ ಅವ್ರ ಆಟವೇ ಶುರುವಾಗುದಿಲ್ಲ" ಎಂದ. ಇದು ನಿಜವೇ. ಕೇರಿಯ ಮಕ್ಕಳು ಮುಟ್ಟಾಟವಾಡುವಾಗ ಅವಳನ್ನು ಅಂಗಳದ ನಡುವೆ ಕಂಬದ ಬದಲು ನಿಲ್ಲಿಸುತ್ತಿದ್ದವು. ಓಡಿ ಬಂದು ಅವಳನ್ನು ಮುಟ್ಟಿದರೆ ಔಟಿಲ್ಲ. ಅವಳಷ್ಟು ಅಲುಗಾಡದೆ ನಿಲ್ಲುವವರು ಕೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಸಂಜೆ ಅದನ್ನು ನೋಡಿ ಜಗದೀಶ ಮಕ್ಕಳನ್ನು ಬೈದು ಓಡಿಸಿದ್ದ, ಮರುದಿನ ಅವು ಆಟಕ್ಕೇ ಬಾರದಿದ್ದಾಗ ತಾನೇ ಹೋಗಿ ಕರೆದು ತಂದಿದ್ದ. ಅದೆಲ್ಲ ಈಗ ಎದೆಯಲ್ಲಿ ಎದ್ದು ಬಂದರೂ ನಾಲಿಗೆ ತನ್ನ ಪಾಡಿಗೆ ತಾನು ಕುಣಿಯುತ್ತಲೇ ಇತ್ತು.

"ಸರಿ, ನೀವು ಮನೇಲಿ ಕರೆಯೂ ಹಾಗೇ ಕರೀರಿ" ಎಂದಳು ಸುನೀತಾ.

ಮಗಳು ಬೆನ್ನು ಮಾಡಿ ಕೂತಿದ್ದಳು, ಮುಖವೆತ್ತಿ ಮೇಲೆ ಗರಗರ ತಿರುಗುವ ಫ್ಯಾನು ನೋಡುತ್ತ. ಆಯಿ, ಎಂದ ಜಗದೀಶ. ಅದೇ ಗಳಿಗೆಗೆ ಕರೆಂಟು ಹೋಯಿತು. ಫ್ಯಾನು ಒಂದು ಸಲ ನರಳಿ ನಿಧಾನವಾಯಿತು, ಮಗಳು ಸರ್ರನೆ ತಿರುಗಿ ನೇರ ಅವನ ಮುಖವನ್ನೇ ನೋಡಿದಳು, ಇದನ್ನು ಯಾರು ನಿಲ್ಲಿಸಿದ್ದು ಎಂದು ಕೇಳುವವಳಂತೆ. ಹಜಾರದಲ್ಲಿ ಕರೆಂಟು ಹೋಯ್ತು ಎಂಬ ಗದ್ದಲದ ನಡುವೆ ಸುನೀತಾ ನಗುತ್ತ, "ತಿರುಗಿದ್ಲಲ್ಲ, ಎಷ್ಟು ಚೆಂದ ತಿರುಗಿದ್ಲು" ಎಂದಳು. ಸದ್ಯಕ್ಕೆ ಮುಂದೆ ಏನೂ ಬೇಡ, ಅನುಮಾನ ಬಂದರೆ ಬರುವ ವರ್ಷ ನೋಡುವಾ ಎಂದಳು. ಜಗದೀಶ ಎದ್ದು ನಿಂತು ಎರಡೂ ಕೈ ಜೋಡಿಸಿದ. ತಾನು ಗೆದ್ದೆ ಎಂಬುದಕ್ಕೂ ಫ್ಯಾನು ಗೆದ್ದಿತು ಎಂಬುದಕ್ಕೂ ನಡುವೆ ಕೂದಲೆಳೆಯಷ್ಟು ಜಾಗವಿತ್ತು. ಆ ಜಾಗಕ್ಕೆ ಇಣುಕದೆ ಅವನು ಹೊರಗೆ ಬಂದ.

ಹೊರಗೆ ಬಂದವನಿಗೆ ಕಾರವಾರವೇ ಬೇರೆಯಾಗಿ ಕಂಡಿತು. ಅಪ್ಪನಿಗೆ ಫೋನು ಮಾಡಿ, "ಎಂತದೂ ಇಲ್ಲ ಅಂದ್ರು, ನಿನ್ನ ಇವ್ಳು ಶುದ್ಧ ಸರಿ ಇದ್ದಾಳೆ" ಎಂದು ಬೀದಿಯವರಿಗೆಲ್ಲ ಕೇಳುವಂತೆ ಹೇಳಿದ. ಊಟ ಆಮೇಲೆ, ಮೊದಲು ಐಸ್‌ಕ್ರೀಂ ಎಂದು ಅಂಗಡಿಯೊಂದಕ್ಕೆ ನುಗ್ಗಿ ಉದ್ದ ಗ್ಲಾಸಿನ ಗಡಬಡ್ ತರಿಸಿದ. ಮೇಲಿನ ಚೆರಿಹಣ್ಣನ್ನು ಚಮಚದಲ್ಲಿ ಎತ್ತಿ ರೂಪಾಳ ಬಾಯಿಯ ಹತ್ತಿರ ಒಯ್ದ, ಮದುವೆಯಾದ ಹೊಸದರಲ್ಲೂ ಮಾಡದ ಕೆಲಸ. ರೂಪಾ ಮುಖ ಆಚೆ ತಿರುಗಿಸಿದಳು. ಹುಡುಗಿ ಐಸ್‌ಕ್ರೀಮಿನ ಗೊಡವೆಗೇ ಹೋಗದೆ ಮೂಲೆಯ ದೊಡ್ಡ ಫ್ರೀಜರಿಗೆ ಕಿವಿ ಒತ್ತಿ ನಿಂತಿದ್ದಳು. ಫ್ರೀಜರು ಯಾವ ದನಿಯಲ್ಲಿ ಗುನುಗುತ್ತಿತ್ತೋ ಅದೇ ದನಿಯಲ್ಲಿ, ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ, ಅವಳೂ ಗುನುಗುತ್ತಿದ್ದಳು. ಅಂಗಡಿಯವನು ಕೈಯಲ್ಲಿನ ಕೆಲಸ ಬಿಟ್ಟು ಬೆರಗಿನಿಂದ ನೋಡುತ್ತಿದ್ದ.

"ನಾ ಕರ್ದಿದ್ದೆ" ಎಂದಳು ರೂಪಾ.

"ಎಂತ ಕರ್ದಿದ್ದೆ?"

"ಬೊಮ್ಮಿ ಹೇಳಿ." ಅವಳು ದನಿ ತಗ್ಗಿಸಲಿಲ್ಲ. ಅತ್ತೆಯ ಹೆಸರು ಅವಳ ಬಾಯಿಂದ, ಐಸ್‌ಕ್ರೀಂ ಅಂಗಡಿಯಲ್ಲಿ, ತೀರ ಸಾದಾ ಶಬ್ದದಂತೆ ಹೊರಬಂತು. "ನೀವು ಕೈಗಾಕ್ಕೆ ಹೋದ್ಮೇಲೆ, ಮಾವ ಗದ್ದೆಗೆ ಹೋದ್ಮೇಲೆ, ಬಾಗ್ಲು ಹಾಕ್ಕೊಂಡು. ಅತ್ತೆ ಹೇಳಿ ಕರ್ದೆ, ಆಯಿ ಹೇಳಿ ಕರ್ದೆ, ಮಾವನ ಹಂಗೆ ಇವ್ಳೇ ಹೇಳಿಯೂ ಕರ್ದೆ. ಕಡಿಗೆ ಆ ಹೆಸ್ರೂ ಹಿಡ್ದೆ. ಪಾಪ ಹತ್ತಿದ್ರೆ ಹತ್ಲಿ ಹೇಳಿ ಕೂಗಿ ಕೂಗಿ ಕರ್ದೆ. ಯಾವ್ದಕ್ಕೂ ತಿರುಗುದಿಲ್ಲ."

ಜಗದೀಶನ ಚಮಚ ಗ್ಲಾಸಿನ ಅಂಚಿಗೆ ತಾಗಿ ಟಿಂಗ್ ಎಂದಿತು. "ಮತ್ತೆ ಅಲ್ಲಿ ಎಂತಕ್ಕೆ ಹೇಳ್ಲಿಲ್ಲ ನೀ?"

"ನೀವು ಎಲ್ಲರನ್ನೂ ನಗಿಸ್ತಿದ್ರಿ. ನಿಮ್ಗೆ ಅಷ್ಟು ಖುಷಿ ಆಗಿತ್ತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇಲ್ಲ ಅನ್ಲಿ ಹೇಳಿ ನೀವು ಬಂದ್ರಿ. ಹೌದು ಅನ್ಲಿ ಹೇಳಿ ನಾ ಬಂದೆ. ಹೌದು ಅಂದಿದ್ರೆ ಹೆಂಗೆ ನೋಡ್ಕೊಳ್ಳುದು ಹೇಳಿ ಯಾರಾದ್ರೂ ಕಲಿಸ್ತಿದ್ರು. ಅದು ತಲೆ ಚಚ್ಕೊಂಡು ಅತ್ರೆ ಎಂತಕ್ಕೆ ಹೇಳಿ ನಂಗೆ ಗೊತ್ತಾಗುದಿಲ್ಲ. ಈಗ ಮತ್ತೆ ಬಾಗ್ಲು ಹಾಕ್ಕೊಂಡು ನಾವಿಬ್ರೇ."

ಖುಷಿ ಇಳಿದುಹೋಗಬೇಕಿತ್ತು. ಇಳಿಯಲಿಲ್ಲ, ಬುಡಮೇಲಾಯಿತು. ತಲೆ ಗಿರ್ರೆನ್ನುತ್ತಿರುವಾಗಲೇ ಜಗದೀಶನಿಗೆ ತನ್ನ ಗೆಲುವಿನ ಪೂರ್ತಿ ಆಕಾರ ಕಂಡಿತು. ತಾನು ಹೋಗಿ, ನಗೆಯಾಡಿ, ಹೆಂಡತಿಯನ್ನು ಹಾಸ್ಯ ಮಾಡಿ, ಮಗಳಿಗೆ ಸಿಗಬೇಕಾದ್ದನ್ನು ಸಿಗದಂತೆ ಮಾಡಿ, ಕೈ ಮುಗಿದು ಬಂದಿದ್ದ. ಜೀವ ಹೋದರೂ ಹೇಳುವುದಿಲ್ಲ ಎಂದು ಯಾರನ್ನು ತೋರಿಸಿ ಜನರನ್ನು ನಗಿಸಿದ್ದನೋ ಅವಳು ಜೀವ ಹೋಗುವ ಹಾಗೆ ಆ ಹೆಸರು ಕೂಗಿದ್ದಳು, ಮುಚ್ಚಿದ ಬಾಗಿಲ ಹಿಂದೆ, ಅವನು ಪೈಪಿಗೆ ಬಣ್ಣ ಬಳಿಯುತ್ತಿದ್ದಾಗ. ಅವನಿಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ಆದರೂ ಕಾಲುಗಳು ಆ ನಾಚಿಕೆಗೆ ಕಾಯಲಿಲ್ಲ. ಅಂಗಡಿಯವನ ಮುಂದೆ ನೋಟು ಇಟ್ಟು, ಮಗಳನ್ನು ಫ್ರೀಜರಿನಿಂದ ಬಿಡಿಸಿ ಹೆಗಲ ಮೇಲೆ ಕೂರಿಸಿಕೊಂಡು, "ಏಳು, ಏಳು, ಅಕ್ಕೋರು ಹೊಂಟುಹೋಗ್ತ್ರು" ಎಂದು ಬೀದಿಗೆ ಬಿದ್ದ. ರೂಪಾ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದಳು. ಮೀನು ಮಾರ್ಕೆಟ್ಟಿನ ಎದುರು ಆಟೊದವನೊಬ್ಬ ಬ್ರೇಕು ಹಾಕಿ ಬೈದ, ಜಗದೀಶ ಅವನಿಗೂ ಕೈ ಮುಗಿದ. ಹೆಗಲ ಮೇಲಿನ ಹುಡುಗಿ ಪ್ರತಿ ನೆಗೆತಕ್ಕೂ ಹ್ಹ ಹ್ಹ ಎನ್ನುತ್ತ ಅವನ ಕೂದಲು ಗಟ್ಟಿಯಾಗಿ ಹಿಡಿದಿದ್ದಳು. ಗೆದ್ದದ್ದನ್ನು ವಾಪಸು ಕೊಟ್ಟುಬರಲು ಹೀಗೆ ಓಡುವವನು ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು ಎನಿಸಿ ಓಡುತ್ತಲೇ ನಕ್ಕ, ನಗುತ್ತಲೇ ಎಡವಿದ, ಬೀಳಲಿಲ್ಲ.

ಸುನೀತಾ ಹೆಲ್ಮೆಟ್ಟು ಹಾಕಿ ಸ್ಕೂಟಿಯ ಮೇಲೆ ಕೂತಾಗಿತ್ತು. ಜಗದೀಶ ಅದರ ಎದುರಿಗೇ ಹೋಗಿ ನಿಂತ, ಉಸಿರು ಸಿಗಲಿಲ್ಲ. "ಅಕ್ಕೋರೆ, ನಾ ಹೇಳಿದ್ದು ಸುಳ್ಳಲ್ಲ" ಎಂದ. "ಆದ್ರೆ ಒಂದೂ ಖರೆ ಅಲ್ಲ. ಇನ್ನೊಂದ್ಸಲ ಕೇಳಿ."

ಅವಳು ಅವನನ್ನೂ, ಬರಿಗಾಲಲ್ಲಿ ನಿಂತ ರೂಪಾಳನ್ನೂ ನೋಡಿ ಹೆಲ್ಮೆಟ್ಟು ತೆಗೆದಳು. ಹಜಾರಕ್ಕೆ ಬೀಗ ಬಿದ್ದಿತ್ತು, ಮೆಟ್ಟಿಲ ಮೇಲೆ ಕೂತಳು. ಬೆರಳು ಮಾಡಿ ತೋರಿಸುತ್ತಾಳಾ ಎಂದು ಕೇಳಿದಳು. ಇಲ್ಲ, ಎಂದ ಜಗದೀಶ. ಬೇರೆ ಮಕ್ಕಳ ಜೊತೆ ಆಡುತ್ತಾಳಾ? ಇಲ್ಲ, ಅವು ಇದನ್ನು ಕಂಬ ಮಾಡಿ ನಿಲ್ಲಿಸ್ತಾವೆ. ಆಗ ಕರೆದಾಗ ತಿರುಗಿದ್ದು? "ಫ್ಯಾನು ನಿಂತದ್ದಕ್ಕೆ." ಪ್ರತಿ ಇಲ್ಲಕ್ಕೂ ಅವನ ಮೈ ಇನ್ನಷ್ಟು ಹಗುರವಾಗುತ್ತಿತ್ತು, ಬೆಳಿಗ್ಗೆ ಬಸ್ಸಿನಲ್ಲಿ ಆದದ್ದಕ್ಕಿಂತ ಹೆಚ್ಚು. ಅದು ಯಾಕೆ ಹಾಗೆ ಎಂದು ಅವನಿಗೆ ತಿಳಿಯಲಿಲ್ಲ.

"ನಾನೂ ನಗ್ತಾ ಇದ್ದೆ. ನೋಡ್ಬೇಕಾದಷ್ಟು ನೋಡ್ಲಿಲ್ಲ" ಎಂದಳು ಸುನೀತಾ. "ಇವತ್ತೇ ಹೌದು ಅಂತ ಹೇಳುಕೆ ಬರುದಿಲ್ಲ, ಪೂರ್ತಿ ನೋಡ್ಬೇಕು. ಆದ್ರೆ ಅದಕ್ಕೆ ಕಾಯುದು ಬೇಡ. ಈ ಗುರುವಾರದಿಂದ್ಲೇ ಕರ್ಕೊಂಡು ಬನ್ನಿ. ಹೇಗೆ ಮಾಡುದು ಅಂತ ನಾ ನಿಮ್ಮ ಜೊತೆಗೇ ಕೂತು ತೋರಿಸ್ತೆ." ಇದನ್ನು ಅವಳು ರೂಪಾಳ ಕಡೆ ನೋಡಿಯೇ ಹೇಳಿದಳು. ಮತ್ತೆ ಕೇಳಿದಳು, "ಇವಳಿಗೆ ಎಂತ ಇಷ್ಟ?"

ಜಗದೀಶ ರೂಢಿಯಂತೆ ಬಾಯಿ ತೆರೆದ. ಹೇಳಲು ಒಂದೂ ಇರಲಿಲ್ಲ. ಅಷ್ಟರಲ್ಲಿ ರೂಪಾ ಶುರುಮಾಡಿದ್ದಳು. ಶಿಬಿರದಲ್ಲಿ ಬಾಯಿ ಬಿಡದೆ ಕೂತಿದ್ದವಳು, ಈಗ ಒಂದರ ಮೇಲೊಂದು ಬೀಳುವಂತೆ ಹೇಳತೊಡಗಿದಳು. ಒದ್ದೆ ಮರಳಲ್ಲಿ ಪಾದ ಹೂತರೆ ಇಷ್ಟ. ಹೊಸ ಅಕ್ಕಿಯ ಡಬ್ಬಿಗೆ ಮೂಗು ಹಾಕಿ ನಿಲ್ಲುತ್ತದೆ. ಉಣ್ಣುವಾಗ ಬಸಳೆ ಬೇರೆ, ಅನ್ನ ಬೇರೆ, ಒಂದಕ್ಕೊಂದು ತಾಗಿದರೆ ಬಟ್ಟಲು ದೂಡುತ್ತದೆ. ಅಂಗಾತ ಮಲಗಿ ಕಾಲು ಗೋಡೆಗೆ ಇಟ್ಟರೆ ಮಾತ್ರ ನಿದ್ದೆ. "ಮತ್ತೆ ಇವ್ರ ಬಸ್ಸು" ಎಂದಳು ಅವನತ್ತ ನೋಡದೆ. "ಸಂಜೆ ಹೈವೇ ಮೇಲೆ ಎಷ್ಟೋ ಬಸ್ಸು ಹೋಗ್ತದೆ. ಯಾವ್ದಕ್ಕೂ ಏಳುದಿಲ್ಲ. ಇವ್ರು ಬರೂ ಬಸ್ಸು ಇನ್ನೂ ದೂರ ಇರುವಾಗ್ಲೇ, ನಂಗೆ ಕೇಳುದೇ ಇಲ್ಲ, ಇದು ಎಂತ ಮಾಡ್ತಿದ್ರೂ ಬಿಟ್ಟು ಬಾಗ್ಲ ಹತ್ರ ಹೋಗ್ತದೆ. ಬಾಗ್ಲಿಗೆ ಬೆನ್ನು ಕೊಟ್ಟು, ಕಿವಿ ಮುಚ್ಚಿ ನಿಲ್ತದೆ. ಇವ್ರು ಒಳಗೆ ಬರೂವರೆಗೆ ಅಲ್ಲಾಡುದಿಲ್ಲ."

ಎಷ್ಟೋ ಸಂಜೆ ಜಗದೀಶ ಹೊಸಿಲು ದಾಟುವಾಗ ಮೊದಲು ಕಂಡದ್ದು ಆ ಬೆನ್ನು. ತನ್ನನ್ನು ಕಂಡರೆ ಆಗದ ಮಗಳ ಬೆನ್ನು ಎಂದು ತಿಳಿದು, ಆಯಿ ಎಂದು ಕೂಡ ಕರೆಯದೆ, ಅದರ ಪಕ್ಕದಿಂದ ಹಾದು ಕೈಕಾಲು ತೊಳೆಯಲು ಹೋಗುತ್ತಿದ್ದ. ಈಗ ಅವಳು ಅವನ ಹೆಗಲ ಮೇಲೆಯೇ ಇದ್ದಳು, ಬಿಸಿಯಾಗಿ, ಭಾರವಾಗಿ, ಎಲ್ಲೋ ನೋಡುತ್ತ. ಅವನು ಅವಳ ಎರಡೂ ಪಾದಗಳನ್ನು ಎದೆಗೆ ಒತ್ತಿ ಹಿಡಿದುಕೊಂಡ. ಅವನಿಗೆ ನಗು ಬರುತ್ತಿತ್ತು, ಕಣ್ಣಿನಿಂದ ನೀರು ಇಳಿದು ಮೀಸೆಗೆ ಸೇರುತ್ತಿತ್ತು, ಒರೆಸಲು ಕೈಗೆ ಬಿಡುವಿರಲಿಲ್ಲ. ರೂಪಾ ಇನ್ನೂ ಹೇಳುತ್ತಲೇ ಇದ್ದಳು.